ರೇಡಿಯೇಟರಿನಲ್ಲಿ ತಣ್ಣಗಿದ್ದ ಜಾಗ

ಈ ಅಧ್ಯಾಯವನ್ನು ನಾನು ಮೂರು ಸಲ ದಾಟಿ ಹೋಗಿದ್ದೇನೆ. ಶಾಲೆಯ ದಿನಗಳನ್ನು ಬರೆದೆ. ಎಸ್ಸೆಸ್ಸೆಲ್ಸಿ ಮುಗಿಸಿ ಚಳ್ಳಕೆರೆಯಲ್ಲಿ ರೇಡಿಯೇಟರ್ ಬೆಸುಗೆಯ ಅಂಗಡಿ ಇಟ್ಟಿದ್ದನ್ನು ಬರೆದೆ. ಮದುವೆಯನ್ನೂ ಬರೆದೆ. ಹುಟ್ಟಿದ ಮನೆಯ ಬಗ್ಗೆ ಬರೆಯಲು ಕೂತಾಗ ಮಾತ್ರ ಪೆನ್ನಿನ ಮುಚ್ಚಳ ಹಾಕಿ, ಎದ್ದು ಹೋಗಿ ನೀರು ಕುಡಿದು ಬಂದು, ಬೇರೆ ವಿಷಯಕ್ಕೆ ಕೈ ಹಾಕಿದೆ. ಆ ಮನೆಯ ಬಗ್ಗೆ ಬರೆದರೆ ಅಂಗಳದಲ್ಲಿ ನಿಲ್ಲುತ್ತಿದ್ದ ಕಾರಿನ ಬಗ್ಗೆ ಬರೆಯಬೇಕು. ಕಾರಿನ ಬಗ್ಗೆ ಬರೆದರೆ ಅದನ್ನು ಓಡಿಸುತ್ತಿದ್ದವರ ಬಗ್ಗೆ ಬರೆಯಬೇಕು. ಅವರ ಬಗ್ಗೆ ಬರೆದ ಮೇಲೆ ನಾನು ಮಾಡಿದ್ದನ್ನು ಬಚ್ಚಿಡುವುದಕ್ಕೆ ಜಾಗ ಉಳಿಯುವುದಿಲ್ಲ.

ಹೋದ ತಿಂಗಳು ನಡೆದದ್ದು ನನ್ನನ್ನು ಮತ್ತೆ ಈ ಹಾಳೆಯ ಮುಂದೆ ಕೂರಿಸಿದೆ. ಮೊಳಕಾಲ್ಮೂರಿನ ಶಾಲೆಗೆ ದಿನಾ ಕಾರಿನಲ್ಲಿ ಹೋಗಿ ಬರುವ ಟೀಚರಮ್ಮ ಒಬ್ಬರು ನನ್ನ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದರು. ಈಗ ಅಂಗಡಿ ನಡೆಸುವವನು ಮಗ. ನಾನು ಬಾಗಿಲ ಪಕ್ಕ ಕುರ್ಚಿ ಹಾಕಿಕೊಂಡು ಕೂರುತ್ತೇನೆ, ಅಷ್ಟೆ. ರಸ್ತೆಯಲ್ಲಿ ಓಡುವಾಗ ಏನೂ ತೊಂದರೆಯಿಲ್ಲವಂತೆ. ಊರೊಳಗೆ ಬಂದು ಲಾರಿ, ಆಟೋ, ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡ ಕೂಡಲೇ ಬಿಸಿಯ ಮುಳ್ಳು ಮೇಲಕ್ಕೇರುತ್ತದಂತೆ. ಎರಡು ಕಡೆ ತೋರಿಸಿದ್ದರು. ಒಬ್ಬರು ಫ್ಯಾನು ಹೋಗಿದೆ ಎಂದರು, ಇನ್ನೊಬ್ಬರು ಪಂಪು ಎಂದರು. ನಾನು ಬಾನೆಟ್ ಎತ್ತಿಸಿ ನೋಡಿದೆ. ಫ್ಯಾನು ಚೆನ್ನಾಗಿಯೇ ತಿರುಗುತ್ತಿತ್ತು. ಇಂಜಿನ್ ಆರಿಸಲು ಹೇಳಿ, ಕೈ ಹೋಗುವಷ್ಟು ಜಾಗ ಮಾಡಿಕೊಂಡು, ರೇಡಿಯೇಟರಿನ ಮೇಲೆ ಅಂಗೈಯನ್ನು ಮೆಲ್ಲಗೆ ಆಡಿಸಿದೆ. ಎಡಗಡೆ ಸುಡುತ್ತಿತ್ತು. ಬಲಗಡೆ, ಅಂಗೈ ಅಗಲದಷ್ಟು ಜಾಗ, ಬರೀ ಬೆಚ್ಚಗಿತ್ತು. ಅಲ್ಲಿ ನೀರು ಹರಿಯುತ್ತಿಲ್ಲ ಎಂದು ಮಗನಿಗೆ ಹೇಳಿದೆ. ಬಿಚ್ಚಿ ನೋಡಿದರೆ ನಮ್ಮ ಕಡೆಯ ಬೋರ್‌ವೆಲ್ ನೀರಿನ ಬಿಳಿ ಸುಣ್ಣ ಕಲ್ಲಿನ ಹಾಗೆ ಕಟ್ಟಿಕೊಂಡಿತ್ತು. ಟೀಚರಮ್ಮನಿಗೆ ಸೋಜಿಗವಾಯಿತು.

"ಸರ್, ಇದನ್ನ ಯಾರ ಹತ್ರ ಕಲಿತ್ರಿ?"

"ಯಾರ ಹತ್ರಾನೂ ಇಲ್ಲಮ್ಮ. ಮಾಡ್ತಾ ಮಾಡ್ತಾ ಬಂತು."

ಈ ಪ್ರಶ್ನೆಗೆ ನಾನು ಇಡೀ ಆಯಸ್ಸು ಕೊಟ್ಟುಕೊಂಡು ಬಂದ ಉತ್ತರ ಇದೇ. ಇದು ಸುಳ್ಳು. ಸುಳ್ಳಿನ ಬಾಲ ಇದು, ತಲೆ ನಮ್ಮ ಹಳೇ ಮನೆಯಲ್ಲಿದೆ.

ಆ ಮನೆಗೂ ಅಪ್ಪನ ಎಣ್ಣೆ ಗಿರಣಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಗಿರಣಿ ಓಡುತ್ತಿದ್ದಾಗ ಅಡುಗೆಮನೆಯ ಆ ಗೋಡೆ ಬೆಚ್ಚಗಿರುತ್ತಿತ್ತು. ಚಳಿಗಾಲದಲ್ಲಿ ನಾನು ಅದಕ್ಕೆ ಬೆನ್ನು ಕೊಟ್ಟೇ ಉಣ್ಣುತ್ತಿದ್ದೆ. ಮುದ್ದೆ ಮುರಿಯುವಾಗ ಗೋಡೆಯಾಚೆಯ ಸದ್ದು ಒಂಚೂರು ಬದಲಾದರೂ ಅಪ್ಪನ ಕೈ ತಟ್ಟೆಯಲ್ಲೇ ನಿಲ್ಲುತ್ತಿತ್ತು, ಕಿವಿ ನೆಟ್ಟಗಾಗುತ್ತಿತ್ತು. ಸದ್ದು ಸರಿಹೋದ ಮೇಲೆಯೇ ತುತ್ತು ಬಾಯಿಗೆ ಹೋಗುವುದು. ಶೇಂಗಾದಿಂದ ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯ ಚೀಲಗಳು ಪಡಸಾಲೆಯ ತನಕ ಬಂದು ಕೂತಿರುತ್ತಿದ್ದವು. ನೆಂಟರು ಬಂದರೆ ಅದರ ಮೇಲೆಯೇ ಕೂರುವುದು. ಬಿಸಿ ಬಿಸಿ ಹಿಂಡಿಯ ಚೂರನ್ನು ಬೆಲ್ಲದ ಜೊತೆ ತಿನ್ನುವುದು ನಮ್ಮ ಮನೆಯ ಮಕ್ಕಳ ಚಟ. ನನ್ನ ಅಂಗಿ, ಪಾಟಿಚೀಲ, ತಲೆಗೂದಲು ಎಲ್ಲಕ್ಕೂ ಅದೇ ವಾಸನೆ. ಶಾಲೆಯಲ್ಲಿ ನನ್ನನ್ನು ಹಿಂಡಿ ಎಂದೇ ಕರೆಯುತ್ತಿದ್ದರು. ಸೋಮವಾರ ಅಪ್ಪ ಸ್ನಾನ ಮಾಡಿ, ಪೂಜೆ ಮುಗಿಸಿ, ಮೊದಲು ಗಿರಣಿಯ ಯಂತ್ರಕ್ಕೆ, ಆಮೇಲೆ ತಕ್ಕಡಿಗೆ, ಕೊನೆಗೆ ಕಾರಿನ ಬಾನೆಟ್ಟಿಗೆ ಮೂರು ಬೆರಳು ವಿಭೂತಿ ಎಳೆಯುತ್ತಿದ್ದ.

ಕಾರು ಬೂದಿ ಬಣ್ಣದ ಅಂಬಾಸಡರ್. ಬೇರೆ ಊರಿನ ಡಾಕ್ಟರೊಬ್ಬರು ಬಳಸಿ ಬಿಟ್ಟದ್ದು. ಅದರ ಸಲುವಾಗಿ ಅಪ್ಪನಿಗೂ ಅವ್ವನಿಗೂ ತಿಂಗಳುಗಟ್ಟಲೆ ಜಗಳ ನಡೆದಿತ್ತು. ಅಡುಗೆಮನೆಗೆ ಬೆಳಕಿಲ್ಲ, ಒಂದು ಕಿಟಕಿ ಒಡೆಸು ಎಂದು ಅವ್ವ ವರ್ಷಗಳಿಂದ ಕೇಳುತ್ತಿದ್ದಳು. ಅಪ್ಪ ಕಾರು ತಂದ. ಅವ್ವ ಅದಕ್ಕೆ ಆರತಿ ಎತ್ತಿ, ಕುಂಕುಮ ಇಟ್ಟು, ಒಳಗೆ ಬಂದು, ಇನ್ಮೇಲೆ ಅದರ ದೀಪ ಹಚ್ಚಿಕೊಂಡು ಮುದ್ದೆ ತಿರುವುತೀನಿ ಬಿಡು ಎಂದಳು.

ಕಾರಿನ ಹಿಂದೆಯೇ ಡ್ರೈವರಣ್ಣ ಬಂದರು. ತಳಕಿನ ಹತ್ತಿರದ ಒಂದು ಹಟ್ಟಿಯವರು, ಕುರಿ ಸಾಕುವ ಮನೆತನ. ಲಾರಿಯಲ್ಲಿ ಕ್ಲೀನರ್ ಆಗಿದ್ದು ಡ್ರೈವಿಂಗ್ ಕಲಿತವರು. ಅವರ ಹೆಸರೂ ನನ್ನ ಅಜ್ಜನ ಹೆಸರೂ ಒಂದೇ. ನಮ್ಮ ಸೀಮೆಯಲ್ಲಿ ಯಾವ ಜಾತಿಯ ಕೇರಿಗೆ ಹೋದರೂ ಮನೆಗೊಬ್ಬರಿಗೆ ಇರುವ ಹೆಸರು ಅದು. ಆದರೆ ಅವ್ವ ಮಾವನ ಹೆಸರನ್ನು ಬಾಯಲ್ಲಿ ಹೇಳುವಂತಿರಲಿಲ್ಲ. ಹಾಗಾಗಿ ಮೊದಲ ದಿನದಿಂದಲೇ ಅವಳು ಡ್ರೈವರಣ್ಣ ಎಂದಳು, ನಾವೆಲ್ಲರೂ ಹಾಗೇ ಕರೆದೆವು. ಒಬ್ಬ ಮನುಷ್ಯ ನಮ್ಮ ಹೊಸಿಲು ತುಳಿದ ಕೂಡಲೇ ಅವರ ಹೆಸರು ಹೋಯಿತು ಎಂದು ಆಗ ಯಾರಿಗೂ ಅನಿಸಲಿಲ್ಲ. ಅವರ ಊಟ ಹೊರಗಿನ ಕಟ್ಟೆಯ ಮೇಲೆ. ಅವರಿಗೆಂದೇ ಅಂಚು ಸೊಟ್ಟಗಾದ ಒಂದು ಹಿತ್ತಾಳೆ ತಟ್ಟೆ ಇತ್ತು. ಉಂಡು ತಾವೇ ತೊಳೆದು ಬೋರಲು ಹಾಕಬೇಕು. ಅದೂ ಯಾರಿಗೂ ಏನೂ ಅನಿಸದ ಸಂಗತಿಯೇ ಆಗಿತ್ತು.

ಅವರು ನನ್ನನ್ನು ಸಣ್ಣ ದಣಿ ಎಂದು ಚುಡಾಯಿಸುತ್ತಿದ್ದರು. ಶಾಲೆ ಇಲ್ಲದ ದಿನ ನಾನು ಮುಂದಿನ ಸೀಟಿನಲ್ಲಿ. ಅಪ್ಪ ಶೇಂಗಾ ನೋಡಲು ಮೊಳಕಾಲ್ಮೂರು ಕಡೆ ಹೋಗುವಾಗ ಹಿಂದೆ ಕೂತು ನಿದ್ದೆ ಮಾಡುತ್ತಿದ್ದ. ನಾನು ಮುಂದೆ ಕೂತು ಪ್ರಶ್ನೆ ಕೇಳುತ್ತಿದ್ದೆ. ನನಗೆ ಎಲ್ಲವೂ ಬೇಕಿತ್ತು. ಗೇರು ಹಾಕುವಾಗ ಕಾಲು ಯಾಕೆ ಒತ್ತಬೇಕು, ನೀರು ಯಾಕೆ ಕುಡಿಯುತ್ತದೆ, ಕುಡಿದ ನೀರು ಎಲ್ಲಿಗೆ ಹೋಗುತ್ತದೆ. ಬೇರೆಯವರಾಗಿದ್ದರೆ ಬಾಯಿ ಮುಚ್ಚಲೇ ಎನ್ನುತ್ತಿದ್ದರು. ಅವರು ಗಾಡಿ ನಿಂತಾಗ ಬಾನೆಟ್ ಎತ್ತಿ ತೋರಿಸುತ್ತಿದ್ದರು. ರೇಡಿಯೇಟರಿಗೆ ಅವರು ಸುಮ್ಮನೆ ನೀರು ಸುರಿದವರಲ್ಲ. ನಮ್ಮ ಮನೆಯ ಸಿಹಿ ನೀರಿನ ಬಾವಿಯಿಂದ ಸೇದಿ, ಅವ್ವನ ಹಳೇ ಸೀರೆಯ ತುಂಡನ್ನು ನಾಲ್ಕು ಮಡಿಕೆ ಮಾಡಿ ಸೋಸಿ ಹಾಕುತ್ತಿದ್ದರು. ಆ ಕೆಲಸವನ್ನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಮುಂದೆ ಅದೇ ಅವರಿಗೆ ಮುಳುವಾಯಿತು.

ಒಂದು ದಿನ ಅಂಗಳದಲ್ಲಿ ಕಾರು ನಿಲ್ಲುವ ಕಡೆ, ಮುಂದಿನ ಚಕ್ರಗಳ ನಡುವೆ, ರೊಟ್ಟಿಯಷ್ಟು ಅಗಲ ನೆಲ ಒದ್ದೆಯಾಗಿತ್ತು. ರೇಡಿಯೇಟರಿನ ಬುಡದಲ್ಲಿ ಸಣ್ಣಗೆ ನೀರು ಜಿನುಗುತ್ತಿತ್ತು. ಬೆಸುಗೆ ಹಾಕಿಸಬೇಕೆಂದು ಡ್ರೈವರಣ್ಣ ಹೇಳಿದರು. ಕಾರಿಗೆ ಏನಾದರೊಂದು ಹಚ್ಚಿಕೊಂಡೇ ಇರುತ್ತೀಯ ಎಂದು ಅಪ್ಪ ಎಲ್ಲರ ಮುಂದೆ ರೇಗಿದ. ಅವರು ತಲೆ ತಗ್ಗಿಸಿ ನಿಂತದ್ದು ನನಗೆ ಸೇರಲಿಲ್ಲ. ಗಿರಣಿಗೆ ಬರುವ ಲಾರಿಯವರು ಮಾತಾಡುವುದನ್ನು ನಾನು ಕೇಳಿಸಿಕೊಂಡಿದ್ದೆ. ದಾರಿಯಲ್ಲಿ ರೇಡಿಯೇಟರ್ ಸೋರಿದರೆ ಒಂದಿಷ್ಟು ಅರಿಶಿನ ಪುಡಿ ಹಾಕುತ್ತಾರೆ, ಅದು ಒಳಗೆ ಹೋಗಿ ತೂತಿಗೆ ಕೂತುಕೊಳ್ಳುತ್ತದೆ. ಅರಿಶಿನ ಅವ್ವನ ದೇವರ ಗೂಡಿನಲ್ಲಿತ್ತು, ಸ್ನಾನ ಮಾಡದೆ ಮುಟ್ಟುವ ಹಾಗಿಲ್ಲ. ಆದರೆ ಅದೂ ಹಳದಿ ಪುಡಿ, ನಮ್ಮ ಹಿಂಡಿಯೂ ಹೆಚ್ಚುಕಡಿಮೆ ಹಳದಿ ಪುಡಿ. ಎಣ್ಣೆ ಗಿರಣಿಯಲ್ಲಿ ಹುಟ್ಟಿ ಬೆಳೆದವನಿಗೆ ಜಗತ್ತಿನ ಯಾವ ತೂತಿಗಾದರೂ ಹಿಂಡಿ ಸಾಕು ಎನಿಸುವುದು ಸಹಜ. ಮಧ್ಯಾಹ್ನ ಎಲ್ಲರೂ ಉಂಡು ಮಲಗಿದ್ದಾಗ, ಯಂತ್ರದ ಬುಡದಲ್ಲಿ ಬಿದ್ದಿದ್ದ ಹಿಂಡಿ ಪುಡಿಯನ್ನು ಬೊಗಸೆಯಲ್ಲಿ ತಂದು, ಡ್ರೈವರಣ್ಣ ಮಾಡುತ್ತಿದ್ದಂತೆಯೇ ಮುಚ್ಚಳವನ್ನು ಬಟ್ಟೆ ಹಿಡಿದು ತಿರುವಿ, ಸುರಿದೆ. ಎರಡು ಬೊಗಸೆ.

ಮಾರನೆಯ ದಿನ ನೆಲ ಒಣಗಿತ್ತು. ಡ್ರೈವರಣ್ಣ ಬಗ್ಗಿ ನೋಡಿ, ತಾನಾಗಿಯೇ ನಿಂತಿತಲ್ಲ ಎಂದು ಅಚ್ಚರಿಪಟ್ಟರು. ನನಗೆ ಹೇಳಬೇಕೆಂದು ಬಾಯಿ ತುರಿಸುತ್ತಿತ್ತು. ಇನ್ನೂ ನಾಲ್ಕು ದಿನ ಹೋಗಲಿ, ಗಟ್ಟಿಯಾಗಲಿ, ಆಮೇಲೆ ಹೇಳಿ ಬೆರಗುಗೊಳಿಸೋಣ ಎಂದು ತಡೆದುಕೊಂಡೆ.

ಆ ನಾಲ್ಕು ದಿನದಲ್ಲೇ ಕಾರು ಕುದಿಯತೊಡಗಿತು. ಮೊದಲ ಸಲ ಸಂತೆಯ ದಿನ, ಚಳ್ಳಕೆರೆಯ ಪೇಟೆಯಲ್ಲಿ. ಮುಂದೆ ಶೇಂಗಾ ಗಾಡಿಗಳು, ಹಿಂದೆ ಕುರಿಯ ಹಿಂಡು, ನಡುವೆ ನಮ್ಮ ಕಾರು ಅಂಗುಲ ಅಂಗುಲ ಸರಿಯುತ್ತಿತ್ತು. ಬಾನೆಟ್ಟಿನ ಸಂದಿಯಿಂದ ಹಬೆ ಎದ್ದಿತು. ಕಂಬಳಿ ಹೊತ್ತು ಮಾರಲು ಬಂದವನೊಬ್ಬ, ಸಾವ್ಕಾರ್ರೆ, ಒಳಗೆ ಮುದ್ದೆಗೆ ಎಸರಿಟ್ಟೀರೇನು ಎಂದು ಕೇಳಿದ. ಸುತ್ತಲಿದ್ದವರೆಲ್ಲ ನಕ್ಕರು. ಅಪ್ಪನ ಮುಖ ಕೆಂಪಗಾಯಿತು. ಇಳಿದು ನಡೆದುಕೊಂಡೇ ಮನೆಗೆ ಬಂದ.

ಅಲ್ಲಿಂದ ಶುರುವಾದ ಮೂರು ವಾರಗಳು, ನಾಚಿಕೆಯಿಂದಲೇ ಹೇಳುತ್ತೇನೆ, ನನ್ನ ಬಾಲ್ಯದ ಅತಿ ಚಂದದ ದಿನಗಳು. ಕುದಿತಕ್ಕೂ ನನ್ನ ಹಿಂಡಿಗೂ ಸಂಬಂಧವಿದೆ ಎಂದು ನನಗೆ ಹೊಳೆದಿರಲಿಲ್ಲ. ಸೋರುವುದು ನಿಂತಿತ್ತಲ್ಲ, ನನ್ನ ಕೆಲಸ ಮುಗಿದಿತ್ತು. ಇದು ಬೇರೆಯೇ ಕಾಯಿಲೆ. ಡ್ರೈವರಣ್ಣ ಅದನ್ನು ಕಳೆದುಹೋದ ಕುರಿಮರಿಯನ್ನು ಹುಡುಕುವ ಹಾಗೆ ಹುಡುಕಿದರು. ಆತುರವಿಲ್ಲ, ಬೈಗುಳವಿಲ್ಲ, ಒಂದೊಂದೇ ಪೊದೆ ಸರಿಸಿ ನೋಡುವುದು. ಮೊಳಕಾಲ್ಮೂರಿನ ದಾರಿಯಲ್ಲಿ ಓಡುವಾಗ ಮುಳ್ಳು ನೆಟ್ಟಗೆ ನಿಂತಿರುತ್ತದೆ, ಆ ಊರಿನ ಪೇಟೆಯ ಗದ್ದಲಕ್ಕೆ ಸಿಕ್ಕ ಕೂಡಲೇ ಏರುತ್ತದೆ. ಯಾಕೆ ಎಂದು ನನ್ನನ್ನೇ ಕೇಳಿದರು. ನಾನು ತಿಣುಕಾಡಿದೆ. ಓಡುವಾಗ ಗಾಳಿ ತಾನಾಗಿಯೇ ಬಂದು ಬಡಿಯುತ್ತದೆ, ನಿಂತಾಗ ಗಾಳಿಯನ್ನು ಫ್ಯಾನು ಒಂದೇ ಎಳೆದುಕೊಳ್ಳಬೇಕು ಎಂದು ಅವರು ಬಿಡಿಸಿ ಹೇಳಿದರು. ಇರುವುದು ಎರಡೇ, ಒಂದು ಗಾಳಿ, ಒಂದು ನೀರು. ಯಾವುದು ಕೈಕೊಡುತ್ತಿದೆ ಎಂದು ನೋಡಬೇಕು. ಮೊದಲು ಗಾಳಿ. ಫ್ಯಾನಿನ ಬೆಲ್ಟನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿದೆವು, ಬಿಗಿಯಾಗಿತ್ತು. ರೇಡಿಯೇಟರಿನ ಹೊರಗಿನ ಸಂದುಗಳಲ್ಲಿ ಸಿಕ್ಕಿದ್ದ ಹೊಟ್ಟು, ಉಣ್ಣೆಯ ಎಳೆಗಳನ್ನು ಕಸಬರಿಗೆ ಕಡ್ಡಿಯಿಂದ ನಾನೇ ಒಂದೊಂದಾಗಿ ತೆಗೆದೆ. ಮತ್ತೂ ಕುದಿಯಿತು. ಹಾಗಾದರೆ ನೀರು ಎಂದರು.

ಅಷ್ಟರಲ್ಲಿ ಅಪ್ಪನ ತಾಳ್ಮೆ ಮುಗಿದಿತ್ತು. ಪೇಟೆಯ ಒಬ್ಬ ಮೇಸ್ತ್ರಿಯನ್ನು ಕರೆಸಿದ. ಮೇಸ್ತ್ರಿ ರೇಡಿಯೇಟರಿನ ಮುಚ್ಚಳ ತೆಗೆದು ಬೆರಳು ಅದ್ದಿದ. ನೀರಿನ ಮೇಲೆ ಎಣ್ಣೆಯ ಪೊರೆ ತೇಲುತ್ತಿತ್ತು.

"ಗ್ಯಾಸ್ಕೆಟ್ ಖಲಾಸ್ ಸಾವ್ಕಾರ್. ಇಂಜಿನ್ ಎಣ್ಣೆ ನೀರಿಗೆ ಬರ್ತಾ ಐತೆ. ನೀರಿಲ್ದೆ ಓಡಿಸಿರಬೇಕು ನಿಮ್ಮ ಡ್ರೈವರ್."

ಇಂಜಿನ್ನಿನ ತಲೆ ಬಿಚ್ಚಿದರು, ಹೊಸ ಗ್ಯಾಸ್ಕೆಟ್ ಹಾಕಿದರು. ಮುಂದಿನ ಸಂತೆಗೆ ಕಾರು ಮತ್ತೆ ಕುದಿಯಿತು. ಅಪ್ಪ ಡ್ರೈವರಣ್ಣನ ಜೊತೆ ಮಾತು ಬಿಟ್ಟ. ಹೇಳುವುದೇನಿದ್ದರೂ ಗೋಡೆಗೆ ಹೇಳುತ್ತಿದ್ದ. ನೀರಿಲ್ಲದೆ ಇಂಜಿನ್ ಸುಟ್ಟ ಎಂಬ ಮಾತು ಗಿರಣಿಯಿಂದ ಗಿರಣಿಗೆ ಹೋಯಿತು. ಡ್ರೈವರಿಗೆ ಅದಕ್ಕಿಂತ ದೊಡ್ಡ ಬೈಗುಳ ಇಲ್ಲ. ಆಮೇಲೆ ಆ ಊರಿನಲ್ಲಿ ಯಾರೂ ಅವನ ಕೈಗೆ ಗಾಡಿ ಕೊಡುವುದಿಲ್ಲ. ಅಂಥ ದಿನಗಳಲ್ಲೂ ಅವರು ತಮ್ಮ ಹುಡುಕಾಟ ಬಿಡಲಿಲ್ಲ. ಒಂದು ಬೆಳಿಗ್ಗೆ ಇಂಜಿನ್ ಬಿಸಿ ಮಾಡಿ ಆರಿಸಿ, ರೇಡಿಯೇಟರಿನ ಮೇಲೆ ಅಂಗೈ ಇಟ್ಟು ಮೆಲ್ಲಗೆ ಸರಿಸಿದರು. ಅರ್ಧಕ್ಕೆ ಬಂದು ನಿಂತರು. ನನ್ನ ಮಣಿಕಟ್ಟು ಹಿಡಿದು ಅಲ್ಲಿಗೆ ಒಯ್ದರು.

"ಇಲ್ಲಿ ಸುಡ್ತೈತಾ?"

"ಹೂಂ."

"ಇಲ್ಲಿ?"

"ತಣ್ಣಗೈತೆ."

"ಅಲ್ಲೈತೆ ನೋಡು ಕಳ್ಳ. ನೀರು ಈ ಕಡೆ ಬರ್ತಾನೇ ಇಲ್ಲ. ಒಳಗೆ ಏನೋ ಕುಂತೈತೆ."

ಆ ತಣ್ಣನೆಯ ಜಾಗದ ಮೇಲೆ ಕೈ ಇದ್ದಾಗಲೇ ನನಗೆ ತಿಳಿಯಿತು. ಒಳಗೆ ಕೂತಿದ್ದದ್ದು ನನ್ನ ಎರಡು ಬೊಗಸೆ ಹಿಂಡಿ. ಅವರು ಕೆಳಗಿನ ನಲ್ಲಿ ತಿರುವಿ ನೀರು ಬಿಟ್ಟರು. ಕಂದು ಬಣ್ಣದ ಗಂಜಿಯಂಥದ್ದು ತೊಟ್ಟಿಕ್ಕಿತು. ಎರಡು ಬೆರಳಲ್ಲಿ ಉಜ್ಜಿದರು, ಮೂಸಿದರು, ಆಮೇಲೆ ನಾಲಿಗೆಯ ತುದಿಗೆ ಮುಟ್ಟಿಸಿ ಉಗಿದರು. ಇದು ಇಂಜಿನ್ ಎಣ್ಣೆಯಲ್ಲ, ಶೇಂಗಾ ಎಣ್ಣೆ, ಶೇಂಗಾ ಹಿಂಡಿ ಎಂದರು. ಅವರ ಮುಖ ಅರಳಿತ್ತು. ಮೂರು ವಾರದ ಒಗಟು ಬಿಡಿಸಿದ ಸಂತೋಷದಲ್ಲಿ, ಪಾಪ, ಓಡಿ ಹೋಗಿ ಅಪ್ಪನನ್ನು ಕರೆತಂದರು.

ಅಪ್ಪನಿಗೆ ಅದರಲ್ಲಿ ಕಂಡದ್ದೇ ಬೇರೆ. ಸೋರುತ್ತಿದ್ದದ್ದನ್ನು ಮುಚ್ಚಲು ಡ್ರೈವರುಗಳು ಇಂಥ ಕಿತಾಪತಿ ಮಾಡುತ್ತಾರೆಂದು ಅವನಿಗೂ ಗೊತ್ತಿತ್ತು.

"ನೀರು ಸೋಸೋನು ನೀನು, ತುಂಬೋನು ನೀನು. ಹಿಂಡಿ ತಾನೇ ನಡ್ಕಂಡು ಬಂತೇನಯ್ಯ?"

"ನಾನು ಹಾಕಿಲ್ರಿ ಸಾವ್ಕಾರ್ರೆ. ಹಾಕಿದ್ರೆ ನಾನೇ ಬಂದು ಯಾಕೆ ಹೇಳ್ತಿದ್ದೆ?"

ಅಪ್ಪ ನನ್ನ ಕಡೆ ತಿರುಗಿದ. ಗಿರಣಿಯ ಆಳುಗಳು ಕೆಲಸ ಬಿಟ್ಟು ಬಂದು ನಿಂತಿದ್ದರು. ಅವ್ವ ಬಾಗಿಲಲ್ಲಿದ್ದಳು. ನನ್ನ ಮಗ ಸುಳ್ಳು ಹೇಳುವುದಿಲ್ಲ ಎಂದು ಅಪ್ಪ ಹತ್ತು ಜನರ ಮುಂದೆ ಹೇಳಿಕೊಳ್ಳುತ್ತಿದ್ದ. ಅದು ನನಗೆ ಬಲು ಇಷ್ಟದ ಮಾತಾಗಿತ್ತು.

"ನೀನು ಯಾವಾಗ್ಲೂ ಕಾರಿನ ಹತ್ರಾನೇ ಇರ್ತೀಯಲ್ಲೋ. ಏನಾರ ನೋಡಿದ್ಯಾ?"

"ಡ್ರೈವರಣ್ಣ ಒಂದಿನ ಏನೋ ಪುಡಿ ಹಾಕ್ತಿದ್ದ."

ಹೇಳಿದ್ದು ಅಷ್ಟೇ. ಡ್ರೈವರಣ್ಣ ನನ್ನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಇಂಜಿನ್ನಿನ ಸದ್ದು ಕೇಳುವಾಗ ತಲೆಯನ್ನು ಒಂದು ಕಡೆ ವಾಲಿಸುತ್ತಿದ್ದರಲ್ಲ, ಹಾಗೆ ವಾಲಿಸಿ ನೋಡಿದರು. ಆಮೇಲೆ ತಲೆ ನೆಟ್ಟಗೆ ಮಾಡಿಕೊಂಡರು. ಕಾಯಿಲೆಯ ಬುಡ ಅವರಿಗೆ ಸಿಕ್ಕಿತ್ತು. ಡಿಕ್ಕಿ ತೆಗೆದು, ತಮ್ಮ ಕರಿ ಕಂಬಳಿಯನ್ನು ತಂದು ಕೊಡವಿ, ಅಂಗಳದಲ್ಲಿ ಹಾಸಿದರು. ಹಟ್ಟಿಯವರಿಗೆ ಕಂಬಳಿ ಮೈಮೇಲಿದ್ದರೆ ಹೊದಿಕೆ, ನೆಲಕ್ಕೆ ಹಾಸಿದರೆ ಗದ್ದಿಗೆ. ಅದರ ಮೇಲೆ ನಿಂತು ಸುಳ್ಳು ಹೇಳಿದವರ ಮನೆ ಉಳಿಯುವುದಿಲ್ಲ ಎಂಬುದು ಅವರ ನಂಬಿಕೆ, ನಮ್ಮದೂ ಕೂಡ. ಚಪ್ಪಲಿ ಬಿಟ್ಟು ಮೇಲೆ ನಿಂತು, ಹಿಂಡಿ ನಾನು ಹಾಕಿಲ್ಲ ಎಂದರು.

ಅಪ್ಪ ಸೋಲುವವನಲ್ಲ. ನನ್ನ ಮಗನೂ ನಿಂತು ಹೇಳುತ್ತಾನೆ ಎಂದು ನನ್ನ ಭುಜ ಹಿಡಿದು ಮುಂದಕ್ಕೆ ನೂಕಿದ. ನಾನು ಬಲಗಾಲು ಎತ್ತಿದೆ. ಎತ್ತಿದ್ದು ನಿಜ. ನಿಂತು ಅದೇ ಸುಳ್ಳನ್ನು ಇನ್ನೊಮ್ಮೆ ಹೇಳುತ್ತಿದ್ದೆನೋ, ಅಳುತ್ತಿದ್ದೆನೋ, ಈ ವಯಸ್ಸಿನ ತನಕ ನನಗೆ ಗೊತ್ತಾಗಿಲ್ಲ. ಗೊತ್ತಾಗಲು ಅವರು ಬಿಡಲಿಲ್ಲ. ಪಕ್ಕಕ್ಕೆ ಇಳಿದು, ಬಗ್ಗಿ, ನನ್ನ ಕಾಲು ಇಳಿಯುವ ಮೊದಲೇ ಕಂಬಳಿಯನ್ನು ಎಳೆದುಕೊಂಡರು.

"ಬ್ಯಾಡ್ರಿ. ಹುಡುಗನ್ನ ಇದರ ಮ್ಯಾಲೆ ನಿಲ್ಲಿಸಬ್ಯಾಡ್ರಿ. ನಾನೇ ಹಾಕ್ದೆ ಅಂತ ತಿಳ್ಕಳ್ರಿ."

ಅಪ್ಪ ಅದನ್ನು ಒಪ್ಪಿಗೆ ಎಂದೇ ತಿಳಿದ. ಡ್ರೈವರಣ್ಣ ಕಂಬಳಿಯನ್ನು ಮಡಿಚಿ ಹೆಗಲಿಗೆ ಹಾಕಿಕೊಂಡು, ಕಾರಿನ ಚಾವಿಯನ್ನು ಕಟ್ಟೆಯ ಮೇಲಿಟ್ಟು ಹೋದರು. ಆ ದಿನ ಅವರ ತಟ್ಟೆಗೆ ಬಡಿಸಿದ್ದ ಮುದ್ದೆ ಹಾಗೇ ಇತ್ತು. ಅವ್ವ ಅದನ್ನು ಎಮ್ಮೆಗೆ ಹಾಕಿ, ತಟ್ಟೆಯನ್ನು ತಾನೇ ತೊಳೆದು, ಒಳಗೆ ತಂದು ನಮ್ಮ ತಟ್ಟೆಗಳ ಸಾಲಿನಲ್ಲಿ ಇಟ್ಟಳು. ಅಂದಿನಿಂದ ನನಗೆ ಅದರಲ್ಲೇ ಬಡಿಸಿದಳು. ಅವಳಿಗೆ ಗೊತ್ತಿತ್ತೆಂದು ನನಗೆ ಗೊತ್ತಾದದ್ದು ಹಾಗೆ. ನಾವಿಬ್ಬರೂ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಸೊಟ್ಟ ಅಂಚಿನ ಆ ತಟ್ಟೆಯಲ್ಲಿ ನಾನು ಎಸ್ಸೆಸ್ಸೆಲ್ಸಿ ಮುಗಿಯುವ ತನಕ ಉಂಡೆ.

ಚಳ್ಳಕೆರೆಯಲ್ಲಿ ಅವರಿಗೆ ಯಾರೂ ಗಾಡಿ ಕೊಡಲಿಲ್ಲ. ಮೊಳಕಾಲ್ಮೂರಿನ ಹತ್ತಿರದ ಸಿದ್ದಾಪುರದಲ್ಲಿ ಹೆಂಡತಿಯ ತವರಿತ್ತು, ಅಲ್ಲಿಗೆ ಹೋಗಿ ಬಂಡೆಗಳ ನಡುವೆ ಮತ್ತೆ ಕುರಿ ಕಾಯತೊಡಗಿದರು. ಸ್ಟೇರಿಂಗ್ ಹಿಡಿಯಲಿಲ್ಲವಂತೆ. ನನ್ನ ಮದುವೆಗೆ ಸೀರೆ ತರಲು ಮೊಳಕಾಲ್ಮೂರಿಗೆ ಹೋದಾಗ ನೇಕಾರರ ಬೀದಿಯ ತುದಿಯಲ್ಲಿ ಎದುರಾದರು. ತಲೆ ನರೆತಿತ್ತು. ಹೆಗಲ ಮೇಲೆ ಅದೇ ಕಂಬಳಿಯೋ, ಅಂಥದ್ದೇ ಇನ್ನೊಂದೋ. ನಾನು ಸರಿದು ಹೋಗಬೇಕೆಂದಿದ್ದೆ. ಅವರೇ ನಿಲ್ಲಿಸಿದರು.

"ಸಣ್ಣ ದಣಿ, ರೇಡಿಯೇಟರ್ ಅಂಗಡಿ ಇಟ್ಟೀಯಂತೆ?"

"ಹೂಂ."

"ಕೈ ಇಟ್ಟು ನೋಡ್ತೀಯೋ, ಇಲ್ಲ ಸುಮ್ನೆ ಬಿಚ್ತೀಯೋ?"

"ಕೈ ಇಟ್ಟೇ ನೋಡ್ತೀನಿ."

"ಅದೊಂದು ಬಿಡಬ್ಯಾಡಪ್ಪ."

ನಕ್ಕು ಹೊರಟುಹೋದರು. ನನ್ನ ಬಾಯಲ್ಲಿ ಮಾತು ತಯಾರಾಗಿತ್ತು. ಎರಡೇ ಮಾತು. ಸೀರೆಯ ಗಂಟು ಹಿಡಿದುಕೊಂಡು, ಆ ಕಂಬಳಿ ಸಂದಿ ತಿರುಗುವ ತನಕ ನೋಡುತ್ತಾ ನಿಂತೆ. ಓಡಿದ್ದರೆ ಹತ್ತು ಹೆಜ್ಜೆಯಲ್ಲಿ ಸಿಗುತ್ತಿದ್ದರು. ಕೆಲವು ವರ್ಷಗಳ ಮೇಲೆ ಸಿದ್ದಾಪುರದಿಂದ ಟ್ರ್ಯಾಕ್ಟರಿನ ರೇಡಿಯೇಟರ್ ತಂದಿದ್ದ ಒಬ್ಬರು, ಅವರು ತೀರಿಹೋದರೆಂದು ಮಾತಿನ ನಡುವೆ ಹೇಳಿದರು. ಆಗ ನನ್ನ ಅಂಗೈ ಆ ರೇಡಿಯೇಟರಿನ ಮೇಲೆಯೇ ಇತ್ತು.

ಟೀಚರಮ್ಮನ ಕಾರು ಈಗ ಗದ್ದಲದಲ್ಲೂ ಬಿಸಿಯಾಗುತ್ತಿಲ್ಲ. ದಾರಿಯಲ್ಲಿ ಕಂಡರೆ ಕೈಯೆತ್ತುತ್ತಾರೆ. ಅವರು ಕೇಳಿದ್ದಕ್ಕೂ, ಅವರಿಗಿಂತ ಮೊದಲು ಕೇಳಿದ ನೂರಾರು ಜನರಿಗೂ ನಾನು ಸರಿಯಾದ ಉತ್ತರ ಕೊಟ್ಟಿಲ್ಲ. ಇದು ನಾನು ಮಾಡುತ್ತಾ ಮಾಡುತ್ತಾ ಕಲಿತದ್ದಲ್ಲ. ನನ್ನ ಮಣಿಕಟ್ಟು ಹಿಡಿದು, ಸುಡುವ ಜಾಗವನ್ನೂ ತಣ್ಣಗಿರುವ ಜಾಗವನ್ನೂ ತೋರಿಸಿಕೊಟ್ಟವರು ಒಬ್ಬರಿದ್ದರು. ನನ್ನ ಸುಳ್ಳಿನ ಕಾಲನ್ನು ತಮ್ಮ ಕಂಬಳಿಯ ಮೇಲೆ ಬೀಳಗೊಡದವರು. ನಾನು ಕ್ಷಮೆ ಕೇಳದೆಯೇ ಕಳೆದುಕೊಂಡವರು. ಅವರ ಹೆಸರನ್ನು ನಮ್ಮ ಅವ್ವ ಹೇಳುವಂತಿರಲಿಲ್ಲ. ನನಗೆ ಅಂಥ ಯಾವ ಕಟ್ಟೂ ಇರಲಿಲ್ಲ.

ಅವರ ಹೆಸರು ತಿಪ್ಪಣ್ಣ.